ಪಾಸಿಟಿವ್ ಬಂತು ಅಂತ ಖುಷಿಪಟ್ಟ ದಿನ

ಮಷೀನ್ ಲರ್ನಿಂಗ್ ಲ್ಯಾಬ್ ಮುಗಿಸಿದವರಲ್ಲಿ ವಿಸ್ಕಾನ್ಸಿನ್ ಡೇಟಾಸೆಟ್ ಮುಟ್ಟದವರು ಕಡಿಮೆ. ಪೈಥಾನ್‌ನಲ್ಲಿ ಒಂದೆರಡು ಸಾಲು ಬರೆದರೆ ಸಾಕು, ಸ್ತನದ ಗಂಟುಗಳ 569 ಮಾದರಿಗಳು ಬಂದು ಕೂರುತ್ತವೆ. ಒಂದೊಂದಕ್ಕೂ 30 ಕಾಲಂ. ಕೊನೆಗೆ ಉತ್ತರ ಎರಡೇ: ಅಪಾಯವಿಲ್ಲದ್ದು 357, ಕ್ಯಾನ್ಸರ್ 212. ನಾವು ನಾಲ್ಕು ಜನ ಆರನೇ ಸೆಮಿಸ್ಟರ್‌ನ ಮಿನಿ ಪ್ರಾಜೆಕ್ಟ್‌ಗೆ ಅದನ್ನೇ ಆರಿಸಿಕೊಂಡೆವು. ಆರಿಸಿಕೊಂಡೆವು ಅನ್ನೋದು ದೊಡ್ಡ ಮಾತಾಯ್ತು. ಬೇರೆ ಡೇಟಾ ಹುಡುಕೋ ಕಷ್ಟ ಇಲ್ಲ ಅನ್ನೋದೇ ಕಾರಣ.

ಗಂಟಿಗೆ ಸಣ್ಣ ಸೂಜಿ ಚುಚ್ಚಿ, ಎಳೆದ ಜೀವಕೋಶಗಳನ್ನು ಗಾಜಿನ ಮೇಲೆ ಸವರಿ, ಮೈಕ್ರೋಸ್ಕೋಪ್ ಚಿತ್ರದಲ್ಲಿ ಕೋಶಕೇಂದ್ರದ ತ್ರಿಜ್ಯ, ಸುತ್ತಳತೆ, ಅಂಚಿನ ತಗ್ಗುಗಳನ್ನೆಲ್ಲ ಅಳೆದು ಆ 30 ಅಂಕಿ ತೆಗೆದಿದ್ದಾರೆ. ಅಂದರೆ ಎಲ್ಲವೂ ರೂಪದ ಲೆಕ್ಕ. ರೂಪ ನೋಡಿ ಕ್ಯಾನ್ಸರ್ ಹೌದೋ ಅಲ್ಲವೋ ಹೇಳಬಹುದು. ಯಾವ ಕ್ಯಾನ್ಸರ್ ಅಂತ ಆ ಫೈಲ್ ಹೇಳೋದಿಲ್ಲ. ಅದನ್ನು ಕೇಳುವ ಪ್ರಸಂಗವೂ ನಮಗೆ ಬಂದಿರಲಿಲ್ಲ, ನಮ್ಮಲ್ಲೊಬ್ಬನ ದೊಡ್ಡಮ್ಮನ ಬಯಾಪ್ಸಿ ರಿಪೋರ್ಟ್ ವಾಟ್ಸಾಪ್‌ಗೆ ಬರುವವರೆಗೆ.

ದೊಡ್ಡಮ್ಮ ತಿಪಟೂರಿನ ಕಡೆಯವರು. ರಿಪೋರ್ಟ್ ಹಿಂದೆಯೇ ಫೋನೂ ಬಂತು. ಸ್ಪೀಕರ್‌ಗೆ ಹಾಕಿದ. "ನೀವು ನಾಲ್ಕೂ ಜನ ಕಂಪ್ಯೂಟರಲ್ಲಿ ಇದನ್ನೇ ಮಾಡ್ತಿದ್ದೀರಂತಲ್ಲ, ಅದ್ರಾಗೆ ಏನ್ ಬರ್ದವ್ರೆ ನೋಡಿ ಹೇಳ್ರಪ್ಪ" ಅಂದರು. ನೋಡಿದೆವು. ನಮಗೆ ಗೊತ್ತಿದ್ದ 30 ಕಾಲಂಗಳಲ್ಲಿ ಒಂದೂ ಅದರಲ್ಲಿರಲಿಲ್ಲ. ಇದ್ದದ್ದು ನಾಲ್ಕು ಸಾಲು: ಇ.ಆರ್. ನೆಗೆಟಿವ್, ಪಿ.ಆರ್. ನೆಗೆಟಿವ್, ಹರ್-2 ಸ್ಕೋರ್ 2+, ಕೆ.ಐ.-67 ಶೇ. 40. "ಡಾಕ್ಟರು ಬಂದ್ಮೇಲೆ ಹೇಳ್ತಾರೆ ದೊಡ್ಡಮ್ಮ, ನಾವೂ ಓದ್ಕೊಂಡು ಬರ್ತೀವಿ" ಅಂತ ಫೋನಿಟ್ಟ.

ಓದಿದೆವು. ಇ.ಆರ್. ಅಂದರೆ ಈಸ್ಟ್ರೋಜನ್ ಹಾರ್ಮೋನನ್ನು ಹಿಡಿದುಕೊಳ್ಳುವ ಪ್ರೋಟೀನ್, ಪಿ.ಆರ್. ಪ್ರೊಜೆಸ್ಟರಾನ್‌ನದ್ದು. ಕ್ಯಾನ್ಸರ್ ಕೋಶದಲ್ಲಿ ಇವಿದ್ದರೆ ಅದು ದೇಹದ ಹಾರ್ಮೋನನ್ನೇ ಉಂಡು ಬೆಳೆಯುವ ಜಾತಿ. ಹಾಗಿದ್ದರೆ ಆ ಊಟ ನಿಲ್ಲಿಸಬಹುದು. 1896ರಲ್ಲೇ ಗ್ಲ್ಯಾಸ್ಗೋದ ಜಾರ್ಜ್ ಬೀಟ್ಸನ್ ಎಂಬ ಸರ್ಜನ್ ಸ್ತನ ಕ್ಯಾನ್ಸರ್ ಇದ್ದ ಹೆಂಗಸರ ಅಂಡಾಶಯ ತೆಗೆದಾಗ ಗಡ್ಡೆ ಕುಗ್ಗಿದ್ದನ್ನು ಬರೆದಿದ್ದ. ಹಾರ್ಮೋನ್ ಅನ್ನೋ ಪದವೇ ಆಗ ಹುಟ್ಟಿರಲಿಲ್ಲ. ಇವತ್ತು ಅದೇ ಕೆಲಸಕ್ಕೆ ಟ್ಯಾಮಾಕ್ಸಿಫೆನ್‌ನಂಥ ಮಾತ್ರೆಗಳಿವೆ. ಕೋಶಗಳಲ್ಲಿ ಶೇ. 1ರಷ್ಟಕ್ಕೆ ಬಣ್ಣ ಹಿಡಿದರೂ ಪಾಸಿಟಿವ್ ಅಂತ ಬರೆಯುತ್ತಾರೆ. ದೊಡ್ಡಮ್ಮನ ರಿಪೋರ್ಟಲ್ಲಿ ಅದೂ ಇಲ್ಲ. ಮಾತ್ರೆಯ ದಾರಿ ಮುಚ್ಚಿತ್ತು.

ಉಳಿದಿದ್ದು ಹರ್-2. ಇದು ಕೋಶದ ಹೊರಪೊರೆಯ ಮೇಲಿರುವ ಪ್ರೋಟೀನ್, ಬೆಳೆಯೋಕೆ ಒಳಗೆ ಸಿಗ್ನಲ್ ಕಳಿಸುತ್ತದೆ. ಕೆಲವು ಕ್ಯಾನ್ಸರ್‌ಗಳಲ್ಲಿ ಇದರ ಜೀನ್ ಹತ್ತಾರು ಪ್ರತಿಯಾಗಿ, ಪೊರೆಯ ತುಂಬ ಇದೇ ಆಗಿಬಿಡುತ್ತದೆ. ಇದನ್ನು ನೋಡೋ ವಿಧಾನ ಇಮೇಜ್ ಪ್ರೊಸೆಸಿಂಗ್ ಓದಿದವರಿಗೆ ಮಜಾ ಅನ್ನಿಸೀತು: ಹರ್-2ಗೆ ಮಾತ್ರ ಅಂಟುವ ಆ್ಯಂಟಿಬಾಡಿ ಹಾಕಿ, ಅದು ಕೂತ ಕಡೆ ಕಂದು ಬಣ್ಣ ಬರುವಂತೆ ಮಾಡುತ್ತಾರೆ. ಕೋಶಕೇಂದ್ರ ನೀಲಿ, ಪೊರೆ ಕಂದು. ಪೊರೆಯ ಸುತ್ತ ಗಾಢವಾಗಿ, ಪೂರ್ತಿ ಉಂಗುರದ ಹಾಗೆ ಬಂದರೆ 3+, ಪಾಸಿಟಿವ್. 0 ಅಥವಾ 1+ ಆದರೆ ನೆಗೆಟಿವ್. 2+ ಅಂದರೆ ಉಂಗುರವಿದೆ, ಮಸುಕು. ಪೆಥಾಲಜಿಸ್ಟ್ ಅದನ್ನು ಎತ್ತಲೂ ಸೇರಿಸುವುದಿಲ್ಲ. ಇನ್ನೊಂದು ಪರೀಕ್ಷೆ ಕೇಳುತ್ತಾರೆ. ನಮ್ಮ ಮಾಡೆಲ್ ಯಾವತ್ತೂ "ಗೊತ್ತಿಲ್ಲ, ಇನ್ನೊಂದು ಟೆಸ್ಟ್ ಮಾಡ್ಸಿ" ಅಂದಿದ್ದಿಲ್ಲ.

ಆ ಇನ್ನೊಂದು ಪರೀಕ್ಷೆಯ ಹೆಸರು ಫಿಶ್. ಹರ್-2 ಜೀನ್‌ಗೆ ಒಂದು ಬಣ್ಣದ ಹೊಳೆಯುವ ಚುಕ್ಕಿ, ಅದು ಕೂತಿರುವ 17ನೇ ಕ್ರೋಮೋಸೋಮಿನ ನಡುಭಾಗಕ್ಕೆ ಇನ್ನೊಂದು ಬಣ್ಣದ ಚುಕ್ಕಿ. ಕನಿಷ್ಠ 20 ಕೋಶಗಳಲ್ಲಿ ಕೂತು ಎಣಿಸಬೇಕು. ಅನುಪಾತ 2 ಮುಟ್ಟಿ, ಕೋಶಕ್ಕೆ ಸರಾಸರಿ 4 ಪ್ರತಿಯಾದರೂ ಇದ್ದರೆ ಪಾಸಿಟಿವ್. ರಿಸಲ್ಟ್‌ಗೆ ಹತ್ತು ದಿನ ಅಂದರು.

ಆ ಹತ್ತು ದಿನದಲ್ಲಿ ಏನು ತೀರ್ಮಾನವಾಗಲಿಕ್ಕಿತ್ತು ಅನ್ನೋದು ನಮಗೆ ಅಷ್ಟರಲ್ಲಿ ಅರ್ಥವಾಗಿತ್ತು. ನೆಗೆಟಿವ್ ಬಂದರೆ ಮೂರೂ ನೆಗೆಟಿವ್, ಅಂದರೆ ಟ್ರಿಪಲ್ ನೆಗೆಟಿವ್. ಹಾರ್ಮೋನ್ ಮಾತ್ರೆಯೂ ಇಲ್ಲ, ಹರ್-2 ಔಷಧಿಯೂ ಇಲ್ಲ. ಮುಖ್ಯವಾಗಿ ಕೀಮೋ ನಂಬಬೇಕು. ಈಚೆಗೆ ಇಮ್ಯುನೋಥೆರಪಿ ಬಂದಿದೆ, ಅದರ ಬೆಲೆ ಕೇಳಿ ನಾವು ಮತ್ತೆ ಮಾತೆತ್ತಲಿಲ್ಲ. ಪಶ್ಚಿಮದ ದೇಶಗಳಿಗಿಂತ ಭಾರತದಲ್ಲಿ ಈ ಬಗೆಯ ಪಾಲು ಹೆಚ್ಚು. ಪಾಸಿಟಿವ್ ಬಂದರೆ? ಒಂದು ಕಾಲಕ್ಕೆ ಅದು ಇನ್ನೂ ಕೆಟ್ಟ ಸುದ್ದಿ. ಹರ್-2 ಜಾಸ್ತಿ ಇದ್ದವರಿಗೆ ಕಾಯಿಲೆ ಬೇಗ ಮರುಕಳಿಸುತ್ತದೆ ಅಂತ ಡೆನ್ನಿಸ್ ಸ್ಲಾಮನ್ ತಂಡ 1987ರಲ್ಲಿ ತೋರಿಸಿತ್ತು. ಆದರೆ 1998ರಲ್ಲಿ ಅಮೆರಿಕದಲ್ಲಿ ಟ್ರಾಸ್ಟುಜುಮ್ಯಾಬ್‌ಗೆ ಅನುಮತಿ ಸಿಕ್ಕಿತು; ಅದು ನೇರ ಆ ಪ್ರೋಟೀನಿಗೇ ಹೋಗಿ ಅಂಟುವ ಆ್ಯಂಟಿಬಾಡಿ. ಕೆಟ್ಟ ಗುರುತೇ ಔಷಧಿಗೆ ವಿಳಾಸವಾಯಿತು.

ಕಾಯುವ ಹೊತ್ತಲ್ಲಿ ಕೈ ಸುಮ್ಮನಿರಬೇಕಲ್ಲ, ಓದುತ್ತಲೇ ಇದ್ದೆವು. 2000ದಲ್ಲಿ ಪೆರೂ ಮತ್ತು ಸಂಗಡಿಗರು 'ನೇಚರ್' ಪತ್ರಿಕೆಯಲ್ಲಿ ಬರೆದ ಪೇಪರ್ ಸಿಕ್ಕಿತು. 42 ಜನರ 65 ಮಾದರಿಗಳಲ್ಲಿ 8,102 ಜೀನ್‌ಗಳ ಚಟುವಟಿಕೆ ಅಳೆದು, ಲೇಬಲ್ ಕೊಡದೆ, ಹೈರಾರ್ಕಿಕಲ್ ಕ್ಲಸ್ಟರಿಂಗ್ ಮಾಡಿದ್ದಾರೆ. ನಮ್ಮ ನಾಲ್ಕನೇ ಮಾಡ್ಯೂಲ್, ಪರೀಕ್ಷೆಗೆ ಡೆಂಡ್ರೋಗ್ರಾಮ್ ಬರೆಯೋಕೆ ಬೈಕೊಂಡು ಕಲಿತೆವಲ್ಲ, ಅದೇ. ಗಡ್ಡೆಗಳು ತಾವಾಗಿಯೇ ಗುಂಪು ಕಟ್ಟಿಕೊಂಡವು: ಲ್ಯೂಮಿನಲ್, ಹರ್-2 ಹೆಚ್ಚಿರುವುದು, ಬೇಸಲ್. ಮುಂದಿನ ವರ್ಷ ಲ್ಯೂಮಿನಲ್ ಕೂಡ ಒಡೆಯಿತು. ಸ್ತನ ಕ್ಯಾನ್ಸರ್ ಅನ್ನೋದು ಒಂದೇ ಅಂಗದಲ್ಲಿ ಹುಟ್ಟುವ ಹಲವು ಕಾಯಿಲೆಗಳು ಅನ್ನೋದಕ್ಕೆ ಇಷ್ಟು ಸ್ಪಷ್ಟವಾದ ಚಿತ್ರ ನಮಗೆ ಬೇರೆ ಸಿಕ್ಕಿಲ್ಲ.

ಕೆ.ಐ.-67 ಅಂದರೆ ಎಷ್ಟು ಕೋಶ ವಿಭಜನೆಯ ಗಡಿಬಿಡಿಯಲ್ಲಿವೆ ಅನ್ನೋ ಶೇಕಡಾ. ಹೆಸರಿನ ಕಥೆ ಚೆನ್ನಾಗಿದೆ: ಜರ್ಮನಿಯ ಕೀಲ್ ಊರಲ್ಲಿ, ಲ್ಯಾಬ್ ತಟ್ಟೆಯ 67ನೇ ಗುಳಿಯಲ್ಲಿ ಸಿಕ್ಕ ಆ್ಯಂಟಿಬಾಡಿ, ಅಷ್ಟೇ. ನಾವು ವೇರಿಯಬಲ್‌ಗೆ ಹೆಸರಿಡೋ ಥರಾನೇ.

ಅಷ್ಟರಲ್ಲಿ ದೊಡ್ಡಮ್ಮನ ಊರ ಕಡೆಯ ಯಾವುದೋ ಲ್ಯಾಬ್‌ನವರು, "ರಕ್ತದಲ್ಲೇ ಟ್ಯೂಮರ್ ಮಾರ್ಕರ್ ನೋಡ್ತೀವಿ, ಮನೆ ಹೆಂಗಸರೆಲ್ಲ ಮಾಡಿಸ್ಕೊಳ್ಳಿ" ಅಂತ ಪ್ಯಾಕೇಜ್ ತೋರಿಸಿದರಂತೆ. ಅದು ಸಿಎ 15-3. ಕಾಯಿಲೆ ಹರಡಿದವರಲ್ಲಿ ಚಿಕಿತ್ಸೆಗೆ ಅದು ಬಗ್ಗುತ್ತಿದೆಯೋ ಇಲ್ಲವೋ ನೋಡೋಕೆ ಡಾಕ್ಟರು ಬಳಸುತ್ತಾರೆ. ಶುರುವಿನ ಹಂತದಲ್ಲಿ ಬಹಳ ಸಲ ಏರುವುದೇ ಇಲ್ಲ; ಲಿವರ್ ತೊಂದರೆಯಂಥ ಬೇರೆ ಕಾರಣಕ್ಕೂ ಏರುತ್ತದೆ. ಗಂಟಿಲ್ಲದವರಲ್ಲಿ ಕ್ಯಾನ್ಸರ್ ಹುಡುಕೋಕೆ ಅದು ಬಾರದು. ದೊಡ್ಡಮ್ಮನ ಸೊಸೆಗೆ ಫೋನ್ ಮಾಡಿ, "ಅಕ್ಕಾ, ಆ ದುಡ್ಡು ಉಳಿಸಿ, ಎದೆಯಲ್ಲಿ ಏನಾದ್ರೂ ವ್ಯತ್ಯಾಸ ಕಂಡ್ರೆ ಡಾಕ್ಟ್ರಿಗೆ ತೋರ್ಸಿ, ಮ್ಯಾಮೋಗ್ರಾಮ್ ಯಾವಾಗ ಅಂತ ಅವರನ್ನೇ ಕೇಳಿ" ಅಂದೆವು. ಪ್ಯಾಕೇಜ್‌ನವರಿಗೆ ನಮ್ಮ ಮೇಲೆ ಕೋಪ ಬಂದಿದ್ದರೆ ಬರಲಿ.

ಹನ್ನೊಂದನೇ ದಿನ ರಿಪೋರ್ಟ್ ಬಂತು. ಅನುಪಾತ 3ರ ಮೇಲಿತ್ತು. ಪಾಸಿಟಿವ್! ಕ್ಯಾಂಟೀನ್‌ನಲ್ಲಿ ಕೂಗಿಕೊಂಡ ನಮ್ಮನ್ನು ಪಕ್ಕದ ಟೇಬಲ್‌ನವರು ಪ್ಲೇಸ್‌ಮೆಂಟ್ ಆಯ್ತಾ ಅಂತ ಕೇಳಿದರು. ಕನ್ಫ್ಯೂಶನ್ ಮ್ಯಾಟ್ರಿಕ್ಸಲ್ಲಿ ಪಾಸಿಟಿವ್ ಅಂದರೆ ಎದೆ ಧಸಕ್ ಅನ್ನಬೇಕಾದ ಖಾನೆ. ಇಲ್ಲಿ ಅದೇ ಪದಕ್ಕೆ ಕಾಫಿ ಕುಡಿದೆವು.

ದೊಡ್ಡಮ್ಮನಿಗೆ ಕೀಮೋ ಜೊತೆಗೆ ಟ್ರಾಸ್ಟುಜುಮ್ಯಾಬ್ ಶುರುವಾಗಿದೆ. ಮೂರು ವಾರಕ್ಕೊಮ್ಮೆ, ಒಟ್ಟು ಒಂದು ವರ್ಷ. ಈ ಔಷಧಿಯ ಬಯೋಸಿಮಿಲರನ್ನು ನಮ್ಮ ಬೆಂಗಳೂರಿನ ಬಯೋಕಾನ್ 2014ರಲ್ಲಿ ಭಾರತದ ಮಾರುಕಟ್ಟೆಗೆ ತಂದಿತು. ಈಗ ಬೇರೆ ಕಂಪನಿಗಳದ್ದೂ ಇವೆ, ಮೊದಲಿನಷ್ಟು ಕೈಗೆಟುಕದ ಬೆಲೆ ಅಲ್ಲ. ಹೃದಯಕ್ಕೆ ತೊಂದರೆ ಕೊಡಬಹುದಾದ್ದರಿಂದ ಮೂರು ತಿಂಗಳಿಗೊಮ್ಮೆ ಎಕೋ ಮಾಡಿಸಬೇಕು. ಕೂದಲು ಹೋಗಿದೆ, ಬಾಯಿ ರುಚಿ ಹೋಗಿದೆ, ನಮ್ಮನ್ನು ಬೈಯೋ ಗಂಟಲು ಹೋಗಿಲ್ಲ. ಮೊನ್ನೆ ಫೋನಲ್ಲಿ ಕೇಳಿದರು, "ನಿಮ್ ಪ್ರಾಜೆಕ್ಟಿಗೆ ಎಷ್ಟು ಮಾರ್ಕ್ಸ್ ಬಂತ್ರೋ?" ಮೂವತ್ತಕ್ಕೆ ಇಪ್ಪತ್ತೇಳು ಅಂದೆವು. "ಇನ್ನ ಮೂರು ಎಲ್ಲೋಯ್ತು?" ಅಂದರು.