ಬಲವನ್ನಳೆಯುವ ನಾಲ್ಕು ಕಲ್ಲುಗಳು

ಐಸ್‌ಲೆಂಡ್ ದ್ವೀಪದ ಪಶ್ಚಿಮದಲ್ಲಿ, ನೀಳವಾದ ತೋಳಿನಂತೆ ಕಡಲಿನೊಳಕ್ಕೆ ಚಾಚಿಕೊಂಡಿರುವ ಭೂಭಾಗವೇ ಸ್ನೈಫೆಲ್ಸ್‌ನೆಸ್. ಅದರ ತುದಿಯಲ್ಲಿ ಹಿಮದ ಕಿರೀಟವನ್ನು ಧರಿಸಿದ ಜ್ವಾಲಾಮುಖಿ. ಅದರ ತಪ್ಪಲಿನಲ್ಲಿ, ಲಾವಾಶಿಲೆಗಳ ನಡುವೆ, ಡ್ಯೂಪಲೋನ್ಸಂದುರ್ ಎಂಬ ಕಡಲತೀರ. ಅಲೆಗಳು ತಿಕ್ಕಿ ತಿಕ್ಕಿ ನುಣುಪುಗೊಳಿಸಿದ ಕರಿಯ ಹರಳುಗಲ್ಲುಗಳೇ ಅಲ್ಲಿನ ನೆಲಹಾಸು. ಅವುಗಳ ಮೇಲೆ ಅಲ್ಲಲ್ಲಿ ತುಕ್ಕುಹಿಡಿದ ಕಬ್ಬಿಣದ ತುಂಡುಗಳು ಚೆದರಿವೆ. 1948ರ ಮಾರ್ಚಿಯಲ್ಲಿ ಇಲ್ಲಿ ಒಡೆದ ಬ್ರಿಟಿಷ್ ಮೀನುಹಡಗಿನ ಅವಶೇಷಗಳವು. ಅಂದು ಹದಿನಾಲ್ವರು ಮಡಿದರು; ಐವರು ಮಾತ್ರ ಉಳಿದರು.

ಇಂತಹ ಕಡಲಿನೊಡನೆ ಸೆಣಸುವವರಿಗೆ ತೋಳ್ಬಲವೇ ಬಂಡವಾಳ. ಸಮೀಪದ ದ್ರಿತ್‌ವಿಕ್ ಕೊಲ್ಲಿಯಲ್ಲಿ 16ನೆಯ ಶತಮಾನದಿಂದ 19ನೆಯ ಶತಮಾನದ ನಡುಗಾಲದವರೆಗೆ ಪ್ರತಿ ವಸಂತದಲ್ಲೂ 40ರಿಂದ 60 ದೋಣಿಗಳು ಬೀಡುಬಿಡುತ್ತಿದ್ದವು. ಹುಟ್ಟು ಹಾಕಲು ಬಂದ ತರುಣನ ಯೋಗ್ಯತೆಯನ್ನು ತೀರ್ಮಾನಿಸುತ್ತಿದ್ದುದು ಈ ತೀರದ ನಾಲ್ಕು ಗುಂಡುಕಲ್ಲುಗಳು.

ಮೊದಲನೆಯದು ‘ಆಮ್ಲೋದಿ’, ಎಂದರೆ ಕೈಲಾಗದವನು. ತೂಕ 23 ಕಿಲೋಗ್ರಾಂ. ಎರಡನೆಯದು ‘ಹಾಲ್ಫ್‌ಡ್ರೈತಿಂಗುರ್’, ಅರೆಪಾಲಿನವನು, 54. ಮೂರನೆಯದು ‘ಹಾಲ್ಫ್‌ಸ್ಟೆರ್ಕುರ್’, ಅರೆಬಲದವನು, 100. ಕಡೆಯದು ‘ಫುಲ್‌ಸ್ಟೆರ್ಕುರ್’, ಪೂರ್ಣಬಲದವನು, 154. ಕಲ್ಲನ್ನು ಸೊಂಟದೆತ್ತರದ ಬಂಡೆಯ ಮೇಲೆ ಇರಿಸಬೇಕು. ಅರೆಪಾಲಿನ ಕಲ್ಲನ್ನೂ ಎತ್ತಲಾರದವನಿಗೆ ದೋಣಿಯಲ್ಲಿ ಸ್ಥಳವಿರಲಿಲ್ಲವೆಂದು ಪ್ರತೀತಿ. ಕಲ್ಲು ಕೈಜಾರಿದರೆ ಆ ವರ್ಷದ ಅನ್ನವೇ ಕೈಜಾರಿದಂತೆ! ನಮ್ಮ ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲು ಎತ್ತುವ ಪಂದ್ಯವನ್ನು ಕಂಡವರಿಗೆ ಈ ನೋಟ ಅಪರಿಚಿತವೆನಿಸದು. ಆದರೆ ಅಲ್ಲಿ ಗೆಲ್ಲುವುದು ಬಹುಮಾನ, ಇಲ್ಲಿ ಗೆಲ್ಲಬೇಕಾಗಿದ್ದುದು ಜೀವನೋಪಾಯ.

ಒಂದು ಕಲ್ಲಿಗೂ ಮುಂದಿನದಕ್ಕೂ ಇರುವ ಅಂತರವನ್ನು ಗಮನಿಸಬೇಕು: 31, 46, 54. ಮೇಲೇರಿದಷ್ಟೂ ಮೆಟ್ಟಿಲು ಎತ್ತರವಾಗುತ್ತದೆ. ದೇಹದ ರೀತಿಯಾದರೋ ಇದಕ್ಕೆ ವಿರುದ್ಧ. ಹೊಸಬನ ಬಲ ಬೇಗ ಏರುತ್ತದೆ, ಪಳಗಿದವನದು ನಿಧಾನವಾಗಿ. ಮೊದಮೊದಲ ವಾರಗಳ ವೃದ್ಧಿ ಬಹುಮಟ್ಟಿಗೆ ನರಗಳದು. ಹೆಚ್ಚು ಸ್ನಾಯುತಂತುಗಳನ್ನು ಒಮ್ಮೆಲೇ ದುಡಿಸುವುದನ್ನು ಅವು ಕಲಿಯುತ್ತವೆ. ಸ್ನಾಯು ಬಲಿಯುವುದು ಆಮೇಲೆ. ಅದಕ್ಕೆ ಆಹಾರ, ನಿದ್ರೆ, ವಿಶ್ರಾಂತಿಗಳೂ ಬೇಕು.

ಆದುದರಿಂದಲೇ ಇಂದಿನ ವ್ಯಾಯಾಮಶಾಲೆಗಳಲ್ಲಿ ಸರಳಿನ ಎರಡು ಬದಿಗೂ 1.25 ಕಿಲೋಗ್ರಾಂನ ಬಿಲ್ಲೆಗಳನ್ನು ಸೇರಿಸಿ, 2.5ರಂತೆ ಭಾರವನ್ನು ಏರಿಸುತ್ತಾರೆ. ಒಮ್ಮೆ ಮಾತ್ರ ಎತ್ತಬಲ್ಲ ಗರಿಷ್ಠ ಭಾರವನ್ನು ಅನುಭವಿಗಳು ದಿನವೂ ಪರೀಕ್ಷಿಸುವುದಿಲ್ಲ. ವಾರಗಟ್ಟಲೆ ಅದಕ್ಕಿಂತ ಕಡಿಮೆಯ ಭಾರದಿಂದ ಸಾಧನೆ ಮಾಡಿ, ದಣಿವಾರಿಸಿಕೊಂಡು, ಗೊತ್ತಾದ ಒಂದು ದಿನ ಹೊಸ ಭಾರಕ್ಕೆ ಕೈಹಾಕುತ್ತಾರೆ.

ಬೆಸ್ತರ ತರುಣನಿಗೆ ಬಿಲ್ಲೆಗಳೆಲ್ಲಿ? ಹುಟ್ಟು ಹಾಕುವುದು, ದೋಣಿಯನ್ನು ದಡಕ್ಕೆಳೆಯುವುದು, ಮೀನು ಹೊರುವುದು, ಇವೇ ಅವನ ನಡುವಣ ಮೆಟ್ಟಿಲುಗಳು. ಇಂದು ಪ್ರವಾಸಿಗರು ನಗುನಗುತ್ತ ಈ ಕಲ್ಲುಗಳಿಗೆ ಕೈಹಚ್ಚುತ್ತಾರೆ. ಆಮ್ಲೋದಿ ಮೇಲೇಳುತ್ತದೆ, ಫುಲ್‌ಸ್ಟೆರ್ಕುರ್ ಸಾಮಾನ್ಯರಿಗೆ ಮಣಿಯುವುದಿಲ್ಲ. ಅವೆರಡರ ನಡುವೆ ಇರುವುದು ಕೆಲವೇ ಹೆಜ್ಜೆಗಳ ದೂರ, ಹಲವು ವರ್ಷಗಳ ದುಡಿಮೆ.