ದೊಡ್ಡವ್ವ ಕಾದ ಕಲ್ಪನಾ

ಎಳ್ಳಮಾಸಿಯ ದಿನ ಹೊಲದಲ್ಲಿ ಚರಗ ಚೆಲ್ಲಿ, ಭಜ್ಜಿ, ಸಜ್ಜಿರೊಟ್ಟಿ ಉಂಡು, ಬಂದ ಬೀಗರೆಲ್ಲ ಊರಿಗೆ ತಿರುಗಿದ ಮೇಲೂ ನಾವು ಐದಾರು ಮಂದಿ ಅಲ್ಲೇ ಉಳಿಯುತ್ತೇವೆ. ಬಸವಕಲ್ಯಾಣದ ಹೊರಗಿರುವ ನಮ್ಮ ಹೊಲದಲ್ಲಿ ಆ ಹೊತ್ತಿಗೆ ಚಳಿ ಮೈ ಕೊರೆಯುತ್ತಿರುತ್ತದೆ. ಹೋದ ವರ್ಷದ ತೊಗರಿ ಕಟಿಗೆ ಹಾಕಿ ಬೆಂಕಿ ಮಾಡುತ್ತೇವೆ. ತೊಗರಿ ಕಟಿಗೆ ಭಗ್ಗನೆ ಹೊತ್ತುತ್ತದೆ, ಅಷ್ಟೇ ಬೇಗ ಆರುತ್ತದೆ. ಕತೆ ಹೇಳುವವನ ಪಕ್ಕದಲ್ಲಿ ಒಬ್ಬರು ಕಟಿಗೆ ಹಾಕುತ್ತಲೇ ಇರಬೇಕು.

ಈ ಸಲ ತಮ್ಮನ ಮಗ ಮೊಬೈಲಿನಲ್ಲಿ ‘ಶರಪಂಜರ’ದ ಒಂದು ದೃಶ್ಯ ಹಚ್ಚಿಕೊಂಡು ಕುಳಿತಿದ್ದ. ಬೆಂಕಿಯ ಬೆಳಕಿನಲ್ಲಿ ಕಲ್ಪನಾ ಅವರ ಆ ದೊಡ್ಡ ಕಣ್ಣು ಅಂಗೈಯಷ್ಟು ಗಾಜಿನೊಳಗೆ ಮಿನುಗುತ್ತಿದ್ದವು. ನೋಡಿ ಮುಗಿಸಿ ಅವನು ಹೇಳಿದ: “ಎಷ್ಟು ದೊಡ್ಡ ನಟಿ ಅಲ್ಲ ದೊಡ್ಡಪ್ಪ. ಕಡಿಗಿ ಪಾಪ, ನಾಟಕ ಕಂಪನಿಗಿ ಇಳದಿದ್ದಳಂತ.”

ಹುಡುಗ ಮರುಕದಿಂದಲೇ ಹೇಳಿದ್ದ. ಆದರೆ ‘ಇಳದಿದ್ದಳು’ ಅನ್ನುವ ಆ ಒಂದು ಮಾತು ನನ್ನನ್ನು ಹುಮನಾಬಾದಿಗೆ, ದೊಡ್ಡವ್ವನ ಪಡಸಾಲೆಗೆ ಎಳೆದುಕೊಂಡು ಹೋಯಿತು. “ಮೊಬೈಲ್ ಕಿಸೆದಾಗ ಇಡು, ಕಟಿಗಿ ಹಾಕು” ಅಂದೆ.

ದೊಡ್ಡವ್ವನನ್ನು ಕೊಟ್ಟದ್ದು ಹುಮನಾಬಾದಿಗೆ. ಅವಳು ಹುಟ್ಟಿದ್ದು ನಿಜಾಮನ ರಾಜ್ಯದಲ್ಲಿ, ಬೆಳೆದದ್ದು ಉಮರ್ಗಾ ಕಡೆಯ ಒಂದು ಹಳ್ಳಿಯಲ್ಲಿ. ಬಾಯಲ್ಲಿ ಅರ್ಧ ಮರಾಠಿ, ಅರ್ಧ ಕನ್ನಡ, ಪೇಟೆಗೆ ಹೋದರೆ ಉರ್ದು. 1956ರ ನವೆಂಬರ್ 1ರಂದು ಬೀದರ ಜಿಲ್ಲೆಯ ನಮ್ಮ ತಾಲೂಕುಗಳು ಮೈಸೂರು ರಾಜ್ಯಕ್ಕೆ ಬಂದವು, ಅವಳ ತವರು ಗಡಿಯ ಆಚೆ ಉಳಿಯಿತು. ಓದು ಬರಹ ಬರುತ್ತಿರಲಿಲ್ಲ. ನಮ್ಮ ಕಡೆಯ ಡೇರೆಗಳಿಗೆ ಬರುತ್ತಿದ್ದದ್ದು ಹೆಚ್ಚಾಗಿ ಹಿಂದಿ ಸಿನಿಮಾ, ಆಗೀಗ ಮರಾಠಿ. ಕನ್ನಡ ಸಿನಿಮಾ ಬಂತೆಂದರೆ ಬೆಂಗಳೂರಿನಿಂದ ನೆಂಟರು ಬಂದಂತೆ. ಭಾಷೆ ನಮ್ಮದೇ ಆದರೂ ಮಾತಿನ ದಾಟಿಗೆ ಕಿವಿ ಹೊಂದಿಸಿಕೊಳ್ಳಬೇಕಾಗುತ್ತಿತ್ತು.

ಅಂಥ ಒಂದು ಡೇರೆಗೆ ‘ಶರಪಂಜರ’ ಬಂತು. ಪುಟ್ಟಣ್ಣ ಕಣಗಾಲರು ತ್ರಿವೇಣಿಯವರ ಕಾದಂಬರಿಯಿಂದ ಮಾಡಿದ, 1971ರ ಸಿನಿಮಾ. ನಮ್ಮ ಕಡೆ ಬರಲು ಒಂದೆರಡು ವರ್ಷವೇ ಹಿಡಿದಿರಬೇಕು. ನಾನಾಗ ಐದು ವರ್ಷದವ, ಅವಳ ಮಡಿಲಲ್ಲಿ ಮಲಗಿಬಿಟ್ಟಿದ್ದೆನಂತೆ. ಆ ರಾತ್ರಿ ನನಗೆ ನೆನಪಿಲ್ಲ. ನೆನಪಿರುವುದು ದೊಡ್ಡವ್ವ ಆಮೇಲೆ ಹತ್ತು ಸಲ ಹೇಳಿದ್ದು.

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಎರಡನೆಯ ಬಾಣಂತನದಲ್ಲಿ ಕೂಸು ಉಳಿಯದೆ ಹೋದಾಗ ದೊಡ್ಡವ್ವ ತಿಂಗಳುಗಟ್ಟಲೆ ಮಾತು ಬಿಟ್ಟಿದ್ದಳು. ಉಣ್ಣಲು ಕರೆದರೆ ಬರುತ್ತಿರಲಿಲ್ಲ, ಬಂದರೆ ಏಳುತ್ತಿರಲಿಲ್ಲ. ಗಾಳಿ ಹಿಡಿದಿದೆ ಎಂದು ಗುಡಿ, ದರ್ಗಾ ತಿರುಗಿಸಿದರು, ತಾಯತ ಕಟ್ಟಿಸಿದರು. ಕಾಲ ಸರಿದಂತೆ ತಾನಾಗಿಯೇ ಸುಧಾರಿಸಿಕೊಂಡಳು. ಮಂದಿ ಮಾತ್ರ ಸುಧಾರಿಸಲಿಲ್ಲ. ಅವಳು ಜೋರಾಗಿ ನಕ್ಕರೆ ಓಣಿಯ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು. ಯಾರದೋ ಕೂಸು ಎತ್ತಿಕೊಂಡರೆ ತಾಯಿ ಬಂದು ಮೆಲ್ಲಗೆ ಇಸಿದುಕೊಳ್ಳುತ್ತಿದ್ದಳು.

‘ಶರಪಂಜರ’ದ ಕಾವೇರಿಯ ಕತೆಯೂ ಅದೇ. ಬಾಣಂತನದಲ್ಲಿ ಬುದ್ಧಿ ಕದಡಿ, ಆಸ್ಪತ್ರೆಗೆ ಹೋಗಿ, ಗುಣವಾಗಿ ಮನೆಗೆ ಬರುತ್ತಾಳೆ. ಮನೆಯೇ ಅವಳನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಬಾಗಿಲು ತೆರೆದಿರುತ್ತದೆ, ಕಣ್ಣುಗಳು ಮುಚ್ಚಿರುತ್ತವೆ. ದೊಡ್ಡವ್ವ ಆ ಡೇರೆಯಲ್ಲಿ, ಹೆಂಗಸರ ಕಡೆಯ ನೆಲದ ಮೇಲೆ ಕುಳಿತು ತನ್ನ ಬದುಕನ್ನು ತಾನೇ ನೋಡಿದಳು. ಸಿನಿಮಾ ಮುಗಿದಾಗ ಪಕ್ಕದ ಮನೆಯಾಕೆ ಅವಳ ಕೈ ಹಿಡಿದುಕೊಂಡು ಬಿಟ್ಟಿರಲಿಲ್ಲವಂತೆ. “ಅಕಿ ನನ್ನ ಸಲುವಾಗಿ ಅತ್ತಾಳ” ಎಂದು ದೊಡ್ಡವ್ವ ಕಲ್ಪನಾ ಅವರ ಬಗ್ಗೆ ಹೇಳುತ್ತಿದ್ದಳು. “ಆ ರಾತ್ರಿ ಆದ ಮ್ಯಾಲ ನನ್ನ ಕೈಯಾಗಿಂದ ಯಾರೂ ಕೂಸು ಇಸಗೊಂಡಿಲ್ಲ.”

ಹಾಗಾಗಿ ಅವಳ ಪಾಲಿಗೆ ಕಲ್ಪನಾ ಸಿನಿಮಾದವರು ಅಲ್ಲ, ಋಣಾನುಬಂಧದವರು.

ಊರಿಗೆ ಬಂದ ಕಲ್ಪನಾ ಸಿನಿಮಾಗಳನ್ನೆಲ್ಲ ನೋಡಿದಳು. ಗಂಧದ ಗುಡಿ, ಎರಡು ಕನಸು, ಆಮೇಲೆ 1976ರ ‘ಬಯಲು ದಾರಿ’. ಹಿಂದಿನವು ಹಿಂದುಮುಂದಾಗಿ ಬಂದವು: 1967ರ ‘ಬೆಳ್ಳಿಮೋಡ’, 1969ರ ‘ಗೆಜ್ಜೆಪೂಜೆ’. ‘ಗೆಜ್ಜೆಪೂಜೆ’ ನೋಡಿದ ದಿನ ಮನೆಯಲ್ಲಿ ಒಲೆ ಹೊತ್ತಲಿಲ್ಲ. ಆದರೆ ಹೊಸ ಸಿನಿಮಾಗಳು ಕಡಿಮೆಯಾಗುತ್ತಿದ್ದವು. ‘ಶರಪಂಜರ’ದ ಬಳಿಕ ಪುಟ್ಟಣ್ಣನವರೂ ಕಲ್ಪನಾ ಅವರೂ ಮತ್ತೆ ಕೂಡಿ ಸಿನಿಮಾ ಮಾಡಲಿಲ್ಲ. ಅದು ಕನ್ನಡಕ್ಕೆ ಆದ ದೊಡ್ಡ ನಷ್ಟ ಎಂದು ನಾನು ಇವತ್ತಿಗೂ ನಂಬಿದ್ದೇನೆ. ಆ ನಿರ್ದೇಶಕನ ಕ್ಯಾಮೆರಾ ಆ ಮುಖವನ್ನು ಓದುತ್ತಿದ್ದ ಹಾಗೆ ಇನ್ನೊಬ್ಬರದು ಓದಲಿಲ್ಲ.

ಆಗ ಸುದ್ದಿ ಬಂತು. ಕಲ್ಪನಾ ನಾಟಕ ಕಂಪನಿ ಸೇರಿದ್ದಾರೆ, ಉತ್ತರ ಕರ್ನಾಟಕದಲ್ಲಿ ಕ್ಯಾಂಪ್ ನಡೆದಿದೆ.

ದೊಡ್ಡವ್ವನಿಗೆ ಇದು ಹಬ್ಬದ ಸುದ್ದಿ. ಬೆಂಗಳೂರಿನಲ್ಲಿ ಇದನ್ನು ಹೇಗೆ ಆಡಿಕೊಂಡರೋ, ನಮ್ಮ ಕಡೆ ನಾಟಕ ಕಂಪನಿ ಎಂದರೆ ಮೊದಲಿನಿಂದಲೂ ಮರ್ಯಾದೆಯ ಮಾತು. ಜಾತ್ರೆಗೆ ಒಂದು ತಿಂಗಳು ಮೊದಲೇ ಲಾರಿಯಲ್ಲಿ ತಗಡು, ಪರದೆ, ಬೆಂಚು ಬರುತ್ತವೆ. ರಾತ್ರಿ ಹತ್ತಕ್ಕೆ ಶುರುವಾದ ಆಟ ಎರಡಕ್ಕೋ ಮೂರಕ್ಕೋ ಮುಗಿಯುತ್ತದೆ. ಜನಕ್ಕೆ ಹಿಡಿಸಿತೆಂದರೆ ಅದೇ ನಾಟಕ ದಿನಾ ನಡೆಯುತ್ತದೆ. ಸಿನಿಮಾದಲ್ಲಿ ಮಾತು ತಪ್ಪಿದರೆ ಇನ್ನೊಮ್ಮೆ ತೆಗೆಯಬಹುದು. ಇಲ್ಲಿ ತಪ್ಪಿದರೆ ತಪ್ಪಿದ್ದೇ. ದನಿ ಕಟ್ಟಕಡೆಯ ಸಾಲಿನಲ್ಲಿ ಕಂಬಳಿ ಹೊದ್ದು ಕುಳಿತ ಮುದುಕನಿಗೂ ಮುಟ್ಟಬೇಕು. ಅಳು ಬರಬೇಕಾದ ಜಾಗದಲ್ಲಿ ದಿನಾ ಹೊಸದಾಗಿ ಅಳಬೇಕು. ಮೂರು ಸಲ ರಾಜ್ಯದ ಶ್ರೇಷ್ಠ ನಟಿ ಪ್ರಶಸ್ತಿ ಪಡೆದವರು ಆ ಕೆಲಸಕ್ಕೆ ಬಂದರೆ ಅದು ಇಳಿಯುವುದೇ? ನಾನು ಹುಡುಗನಿಗೆ ಕೇಳಿದ್ದೂ ಇದನ್ನೇ. ಅವನು ಬೆಂಕಿ ಕೆದಕುತ್ತ ಸುಮ್ಮನಿದ್ದ.

ಬಹಳ ವರ್ಷಗಳ ಮೇಲೆ, ಹೈದರಾಬಾದಿನಲ್ಲಿ ಓದುವಾಗ, ನಾನು ಇಟಲಿಯ ಅನ್ನಾ ಮಾನ್ಯಾನಿ ಅವರ ‘ರೋಮ್, ಓಪನ್ ಸಿಟಿ’ ನೋಡಿದೆ. ಅಲಂಕಾರವಿಲ್ಲದ ಮುಖ, ಕೆದರಿದ ಕೂದಲು, ಹೊಟ್ಟೆಯೊಳಗಿನಿಂದ ಬರುವ ದನಿ. ದೊಡ್ಡವ್ವ ನೋಡಿದ್ದರೆ ‘ಇಕೀನೂ ನಮ್ಮಕಿನೇ’ ಎನ್ನುತ್ತಿದ್ದಳು. ಮಾನ್ಯಾನಿ ‘ದಿ ರೋಸ್ ಟ್ಯಾಟೂ’ ಸಿನಿಮಾಕ್ಕೆ 1956ರಲ್ಲಿ ಆಸ್ಕರ್ ಪಡೆದವರು. ಅಷ್ಟು ದೊಡ್ಡ ಹೆಸರಿಗೂ ವಯಸ್ಸಾದಂತೆ ಒಳ್ಳೆಯ ಪಾತ್ರಗಳು ಕಡಿಮೆಯಾದವು. 1965ರಲ್ಲಿ ಅವರು ಮತ್ತೆ ರಂಗ ಹತ್ತಿದರು. ಜಿಯೊವಾನ್ನಿ ವೆರ್ಗಾ ಬರೆದ ‘ಲಾ ಲೂಪಾ’, ನಿರ್ದೇಶನ ಫ್ರಾಂಕೊ ಜೆಫಿರೆಲ್ಲಿ ಅವರದು. 1972ರ ಫೆಲಿನಿಯ ‘ರೋಮಾ’ದಲ್ಲಿ ಕೆಲವೇ ಕ್ಷಣ ಕಾಣಿಸಿಕೊಂಡು, ರಾತ್ರಿಯ ಬೀದಿಯಲ್ಲಿ ತಮ್ಮ ಮನೆಯ ಬಾಗಿಲು ಹಾಕಿಕೊಳ್ಳುತ್ತಾರೆ. ಮಾರನೆಯ ವರ್ಷ ತೀರಿಕೊಂಡರು, ರೋಮ್ ನಗರದ ಜನ ಬೀದಿಗೆ ಬಂದು ಅತ್ತರು. ಇದನ್ನೆಲ್ಲ ಓದುವಾಗ ನನಗೆ ಹುಮನಾಬಾದಿನ ಪಡಸಾಲೆಯೇ ಕಾಣುತ್ತಿತ್ತು.

ಕತೆಗೆ ಬರುತ್ತೇನೆ. ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆ ಜನವರಿಯಲ್ಲಿ. ಮುಂದಿನ ಜಾತ್ರೆಗೆ ಕಲ್ಪನಾ ಬರುತ್ತಾರೆ ಎಂದು ಊರಲ್ಲಿ ಯಾರೋ ಹಬ್ಬಿಸಿದರು. ಆ ಮಾತಿಗೆ ಬುಡ ಇತ್ತೋ ಇಲ್ಲವೋ, ದೊಡ್ಡವ್ವ ಅಂದಿನಿಂದಲೇ ಚಾಪುಡಿಯ ಖಾಲಿ ಡಬ್ಬಿಗೆ ರೊಕ್ಕ ಹಾಕಲು ಶುರು ಮಾಡಿದಳು. ಹಾಲು ಮಾರಿದ ನಾಲ್ಕಾಣೆ, ಎಂಟಾಣೆ. ನೆಲದ ಟಿಕೀಟು ಬೇಡ, ಕುರ್ಚಿಯದೇ ಆಗಬೇಕು. ಆಟ ಮುಗಿದ ಮೇಲೆ ಪರದೆಯ ಹಿಂದೆ ಹೋಗಿ ಮನೆಯ ರೊಟ್ಟಿ ಕೊಟ್ಟು ಬರಬೇಕು.

1979ರ ಮೇ. ನನಗೆ ಹನ್ನೊಂದು ವರ್ಷ, ಸೂಟಿಗೆ ದೊಡ್ಡವ್ವನ ಮನೆಗೆ ಬಂದಿದ್ದೆ. 13ನೇ ತಾರೀಖು, ರವಿವಾರ. ಹೈದರಾಬಾದ್ ರಸ್ತೆಯ ಚಾದಂಗಡಿಗೆ ದೊಡ್ಡಪ್ಪನನ್ನು ಕರೆಯಲು ಹೋಗಿದ್ದೆ. ಅಲ್ಲಿ ರೇಡಿಯೊದ ಸುತ್ತ ಮಂದಿ ನಿಂತಿದ್ದರು, ಯಾರೂ ಮಾತಾಡುತ್ತಿರಲಿಲ್ಲ. ಹಿಂದಿನ ದಿನ, ಮೇ 12ರಂದು, ಬೆಳಗಾವಿ ಜಿಲ್ಲೆಯ ಸಂಕೇಶ್ವರದ ಹತ್ತಿರ ಗೋಟೂರಿನ ಪ್ರವಾಸಿ ಬಂಗಲೆಯಲ್ಲಿ ಕಲ್ಪನಾ ತೀರಿಕೊಂಡಿದ್ದರು. ಇನ್ನೂ ಮೂವತ್ತಾರು ತುಂಬಿರಲಿಲ್ಲ.

ಸಂಕೇಶ್ವರದ ಮೇಲೆ ಹೋಗುವುದು ಪುಣೆ–ಬೆಂಗಳೂರು ರಸ್ತೆ. ನಮ್ಮ ಹುಮನಾಬಾದಿನ ಮೇಲೆ ಹೋಗುವುದು ಪುಣೆ–ಹೈದರಾಬಾದ್ ರಸ್ತೆ. ಎರಡೂ ಒಂದೇ ಊರಿನಿಂದ ಹೊರಡುತ್ತವೆ. ಆ ರಸ್ತೆಯಲ್ಲಿ ನಿಂತು ಹುಡುಗ ನಾನು ಅಂದುಕೊಂಡೆ: ಅವರು ಈ ರಸ್ತೆ ಹಿಡಿದಿದ್ದರೆ ನಮ್ಮೂರಿಗೇ ಬರುತ್ತಿದ್ದರಲ್ಲ.

ಹೇಳುವ ಕೆಲಸ ನನ್ನ ಪಾಲಿಗೆ ಬಂತು. ದೊಡ್ಡವ್ವ ಬೀಸುವ ಕಲ್ಲಿನ ಮುಂದೆ ಕುಳಿತಿದ್ದಳು. ಕೇಳಿದಳು, ಗೂಟ ಹಿಡಿದ ಕೈ ಹಾಗೇ ನಿಂತಿತು. “ಒಬ್ಬಾಕಿನೇ ಇದ್ದಳೇನು?” ಎಂದಷ್ಟೇ ಕೇಳಿದಳು. ನನಗೆ ಗೊತ್ತಿರಲಿಲ್ಲ. ಆ ಸಾವಿನ ಬಗ್ಗೆ ಆಮೇಲೆ ಮಂದಿ ಹತ್ತು ಬಾಯಿಂದ ಹತ್ತು ಮಾತಾಡಿದರು. ಅವಳು ಒಂದಕ್ಕೂ ಕಿವಿ ಕೊಡಲಿಲ್ಲ. ಯಾರಾದರೂ ಮನೆಯಲ್ಲಿ ಆ ಮಾತು ತೆಗೆದರೆ ಎದ್ದು ಹಿತ್ತಲಿಗೆ ಹೋಗುತ್ತಿದ್ದಳು. ನಾನೂ ಆ ಮಾತುಗಳನ್ನು ಈ ಬೆಂಕಿಯ ಹತ್ತಿರ ತರಲಿಲ್ಲ.

ಒಂದು ಮಾತ್ರ ನನ್ನನ್ನು ಇವತ್ತಿಗೂ ಕಾಡುತ್ತದೆ. ಮನಸ್ಸಿನ ನೋವೂ ಮೈ ನೋವಿನ ಹಾಗೆಯೇ ನೋವು ಎಂದು ಇಡೀ ನಾಡಿಗೆ ತೋರಿಸಿಕೊಟ್ಟವರು ಅವರು. ನಮ್ಮ ಮನೆಯ ಒಬ್ಬ ಹೆಂಗಸನ್ನು ಮತ್ತೆ ಮಂದಿಯ ನಡುವೆ ತಂದು ಕೂಡಿಸಿದವರು ಅವರು. ಅವರ ಕೈ ಹಿಡಿದು ಕೂಡಲು ಒಂದು ಪಕ್ಕದ ಮನೆ ಸಿಕ್ಕಿತ್ತೇ?

ಡಬ್ಬಿ ಮಾತ್ರ ಮಾಡದ ಮೇಲೆ ಹಾಗೇ ಇತ್ತು. ದೊಡ್ಡವ್ವ ಅದಕ್ಕೆ ರೊಕ್ಕ ಹಾಕುವುದನ್ನು ನಿಲ್ಲಿಸಲಿಲ್ಲ.

ಮುಂದಿನ ಜನವರಿಯಲ್ಲಿ ಜಾತ್ರೆಗೆ ಬೇರೊಂದು ಕಂಪನಿ ಬಂತು. ನಾನು ಬಸವಕಲ್ಯಾಣದಿಂದ ಸಸ್ತಾಪುರ ಬಂಗ್ಲಾಕ್ಕೆ ಬಂದು, ಅಲ್ಲಿಂದ ಹುಮನಾಬಾದ್ ಬಸ್ಸು ಹಿಡಿದೆ. ದೊಡ್ಡವ್ವ ಎರಡು ಕುರ್ಚಿ ಟಿಕೀಟು ತೆಗೆಸಿದ್ದಳು. ನಾಯಕಿ ಯಾರೋ ನಾವು ಹೆಸರು ಕೇಳದವರು, ನಲವತ್ತು ದಾಟಿದವರು. ಪೆಟ್ರೋಮ್ಯಾಕ್ಸ್ ಹೊತ್ತಿಸಿಕೊಂಡು ಶೇಂಗಾ ಮಾರುವವರು, ಅಳುವ ಕೂಸುಗಳು, ಹೊರಗೆ ತೊಟ್ಟಿಲಿನ ಕಿರಿಕಿರಿ. ಅದೆಲ್ಲದರ ಮೇಲೆ ಆ ಹೆಂಗಸಿನ ದನಿ ಎದ್ದಿತು. ಗಂಡ ಮನೆಯಿಂದ ಹೊರಹಾಕುವ ದೃಶ್ಯದಲ್ಲಿ ಇಡೀ ಥೇಟರು ಉಸಿರು ಹಿಡಿದು ಕುಳಿತಿತ್ತು. ದೊಡ್ಡವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು.

ಆಟ ಮುಗಿದಾಗ ರಾತ್ರಿ ಎರಡೂವರೆ. ಅವಳು ನನ್ನ ಕೈ ಹಿಡಿದು ನೇರ ಪರದೆಯ ಹಿಂದೆ ನಡೆದಳು. ನಾಯಕಿ ತಗಡಿನ ಟ್ರಂಕಿನ ಮೇಲೆ ಕುಳಿತು ಕೊಬ್ಬರಿ ಎಣ್ಣೆಯಲ್ಲಿ ಬಣ್ಣ ಒರೆಸಿಕೊಳ್ಳುತ್ತಿದ್ದರು. ಅರ್ಧ ಮುಖ ರಾಣಿಯಂತೆ, ಅರ್ಧ ಮುಖ ನಮ್ಮ ಓಣಿಯ ಹೆಂಗಸರಂತೆ. ದೊಡ್ಡವ್ವ ಬುತ್ತಿಯ ಡಬ್ಬಿ ಮುಂದಿಟ್ಟಳು. ರೊಟ್ಟಿ, ಶೇಂಗಾ ಹಿಂಡಿ, ಎಣಗಾಯಿ.

“ಉಣ್ರಿ ಅಕ್ಕಾರ. ಹಸದೀರಿ.”

ಅವರು ಯಾರು, ಏನು ಎಂದು ಕೇಳಲಿಲ್ಲ. ಕೈ ತೊಳೆದು ಬಂದು ಉಂಡರು. ಉಣ್ಣುವಾಗ ದೊಡ್ಡವ್ವ ಕೇಳಿದಳು: “ಕಲ್ಪನಾನ ನೋಡಿದ್ದಿರೇನ್ರಿ ನೀವು?”

“ಇಲ್ಲವ್ವ. ಅವರ ಕಂಪನಿ ಬ್ಯಾರೆ, ನಮ್ಮದು ಬ್ಯಾರೆ.” ತುತ್ತು ನಿಲ್ಲಿಸಿ, ಸ್ವಲ್ಪ ಹೊತ್ತು ಬಿಟ್ಟು ಅಂದರು: “ಸಿನಿಮಾದಾಗಿಂದ ಬಂದವರಿಗಿ ಈ ಅಟ್ಟ ಎತ್ತರ ಅನಸ್ತದವ್ವ. ದಿನಾ ಹತ್ತಬೇಕಲ್ಲ.”

ಆ ಅಟ್ಟವನ್ನು ನಾನು ಆಗ ತಿರುಗಿ ನೋಡಿದೆ. ನನ್ನ ಎದೆಯ ಎತ್ತರ ಇತ್ತು. ಹತ್ತಲು ಒಂದು ಕಲ್ಲು ಇಟ್ಟಿದ್ದರು.

ಬೆಳಗಿನ ಚಳಿಯಲ್ಲಿ ಇಬ್ಬರೂ ಒಂದೇ ಚಾದರ ಹೊದ್ದು ಮನೆಗೆ ನಡೆದೆವು. ಗುಡಿಯ ಹತ್ತಿರ ಬಂದಾಗ ಡಬ್ಬಿಯಲ್ಲಿ ಏನೋ ಸರಸರ ಅಂದಿತು. ದೊಡ್ಡವ್ವ ನಿಂತು ಮುಚ್ಚಳ ತೆಗೆದಳು. ಆ ನಾಯಕಿ ಅದನ್ನು ತೊಳೆದು, ಒರೆಸಿ, ಬರಿದಾಗಿ ಕೊಡಬಾರದೆಂದು ಒಂದು ಹಿಡಿ ಸಕ್ಕರೆ ಹಾಕಿ ಕೊಟ್ಟಿದ್ದರು. ದೊಡ್ಡವ್ವ ಒಂದು ಚಿಟಿಕೆ ನನ್ನ ಬಾಯಿಗೆ ಹಾಕಿದಳು, ಒಂದು ಚಿಟಿಕೆ ತಾನು ಹಾಕಿಕೊಂಡಳು, ಉಳಿದದ್ದನ್ನು ಸೆರಗಿನಲ್ಲಿ ಕಟ್ಟಿಕೊಂಡಳು.