ಸನಿಕೆ ಬಿಟ್ಟು ಲೇಖನಿ ಹಿಡಿದ ರೈತನ ಮಗ

ಮನೆಯ ಹಿಂದಿನ ಹೊಲದಾಚೆ ರೈಲುಹಳಿ. ಅಡುಗೆಮನೆಗೆ ಅಂಟಿಕೊಂಡ ಪುಟ್ಟ ಕೋಣೆಯಲ್ಲಿ ಕುಡಿಯುವ ನೀರು ತುಂಬಿಟ್ಟ ಬಕೆಟ್. ಉಗಿಬಂಡಿ ಹಾದುಹೋದಾಗಲೆಲ್ಲ ನೆಲ ಸಣ್ಣಗೆ ಅದುರಿ, ಬಕೆಟ್ಟಿನ ನೀರಿನ ಮೇಲೆ ಒಂದರೊಳಗೊಂದು ವೃತ್ತಗಳಾಗಿ ಅಲೆಗಳು ಏಳುತ್ತಿದ್ದವು. ಒಂದಿಷ್ಟೂ ಸದ್ದಿಲ್ಲ. ಬಂಡಿ ದೂರವಾದಂತೆ ನೀರು ಮತ್ತೆ ನಿಶ್ಚಲ.

ಶಾಲೆಯ ಪ್ರಯೋಗಾಲಯದಲ್ಲಿ ನೀರಿನ ಅಲೆಗಳನ್ನು ನೋಡಿದ ವಿದ್ಯಾರ್ಥಿಗೆ ಇದರ ಕಾರಣ ಹೇಳುವುದು ಕಷ್ಟವಲ್ಲ. ಕಂಪನ ನೆಲದಿಂದ ಬಕೆಟ್ಟಿನ ಗೋಡೆಗೆ, ಗೋಡೆಯಿಂದ ನೀರಿಗೆ ದಾಟುತ್ತದೆ. ಆದ್ದರಿಂದ ಅಲೆ ಅಂಚಿನಲ್ಲಿ ಹುಟ್ಟಿ ನಡುವಿಗೆ ಓಡುತ್ತದೆ. ಆದರೆ ಅದನ್ನು ನೋಡುತ್ತ ನಿಂತಿದ್ದ ಬಾಲಕನಿಗೆ ವಿವರಣೆ ಬೇಕಿರಲಿಲ್ಲ. ಅವನು ನೋಡಿದ, ನೋಡಿದ್ದನ್ನು ಮರೆಯಲಿಲ್ಲ. ಅರ್ಧ ಶತಮಾನ ಕಳೆದ ಮೇಲೆ, 1995ರ ಡಿಸೆಂಬರಿನಲ್ಲಿ, ಸ್ಟಾಕ್‌ಹೋಮ್ ನಗರದಲ್ಲಿ ನೊಬೆಲ್ ಉಪನ್ಯಾಸ ನೀಡಲು ನಿಂತಾಗ ಅವರು ಮಾತು ಆರಂಭಿಸಿದ್ದು ಆ ಹುಲ್ಲುಮಾಡಿನ ಮನೆಯಿಂದ, ಆ ಬಕೆಟ್ಟಿನ ನೀರಿನಿಂದ. ಅವರೇ ಐರ್ಲೆಂಡಿನ ಕವಿ, ಅನುವಾದಕ ಷೇಮಸ್ ಹೀನಿ.

ಹೀನಿ ಹುಟ್ಟಿದ್ದು 1939ರ ಏಪ್ರಿಲ್ 13ರಂದು, ಉತ್ತರ ಐರ್ಲೆಂಡಿನ ಡೆರಿ ಜಿಲ್ಲೆಯ ಮಾಸ್‌ಬಾನ್ ಎಂಬ ತೋಟದ ಮನೆಯಲ್ಲಿ. ಒಂಬತ್ತು ಮಕ್ಕಳಲ್ಲಿ ಹಿರಿಯ. ತಂದೆ ಪ್ಯಾಟ್ರಿಕ್ ಸಣ್ಣ ಹಿಡುವಳಿಯ ರೈತ, ಜೊತೆಗೆ ದನದ ವ್ಯಾಪಾರಿ. ಮಾತು ಬಹಳ ಕಡಿಮೆ. ತಾಯಿ ಮಾರ್ಗರೆಟ್ ಕ್ಯಾಥ್ಲೀನ್ ಮಾತಿನಲ್ಲಿ ಮುಂದು. ಆಕೆಯ ತವರಿನ ಕಡೆಯವರು ನಾರುಬಟ್ಟೆಯ ಗಿರಣಿಯಲ್ಲಿ ದುಡಿದವರು. ಮನೆಯಲ್ಲಿದ್ದದ್ದು ಮೂರೇ ಕೋಣೆ. ಅಡುಗೆಮನೆಯ ರೇಡಿಯೋಗೆ ಹೊರಗಿನ ಮರದ ತುದಿಯಿಂದ ತಂತಿ ಎಳೆದಿದ್ದರು. ಯುದ್ಧದ ವಾರ್ತೆಯ ನಡುವೆ ಮುಳ್ಳು ತಿರುಗಿಸುವಾಗ ಓಸ್ಲೊ, ಲೈಪ್‌ಜಿಗ್, ಸ್ಟಟ್‌ಗಾರ್ಟ್ ಮುಂತಾದ ಪರ ಊರಿನ ಹೆಸರುಗಳು, ಅರ್ಥವಾಗದ ಭಾಷೆಗಳ ಗೊರಗೊರ ಸದ್ದು. ತನ್ನ ಊರಾಚೆಯೂ ಜನ ಮಾತನಾಡುತ್ತಾರೆ ಎಂಬುದನ್ನು ಹುಡುಗ ಕಲಿತದ್ದು ಹೀಗೆ.

ಹಳ್ಳಿಯ ಅನಾಹೊರಿಷ್ ಶಾಲೆಯಲ್ಲಿ ಕ್ಯಾಥೊಲಿಕ್ ಮತ್ತು ಪ್ರಾಟೆಸ್ಟೆಂಟ್ ಮಕ್ಕಳು ಒಂದೇ ಬೆಂಚಿನಲ್ಲಿ ಕುಳಿತು ಕಲಿತರು. ಆ ಸೀಮೆಯಲ್ಲಿ ಇದು ಸಾಮಾನ್ಯ ಸಂಗತಿಯಲ್ಲ. 1947ರಲ್ಲಿ ಬಂದ ಶಿಕ್ಷಣ ಕಾಯಿದೆಯಿಂದಾಗಿ ಬಡ ಕುಟುಂಬದ ಮಕ್ಕಳಿಗೂ ಪ್ರೌಢಶಾಲೆಯ ಬಾಗಿಲು ತೆರೆದಿತ್ತು. ಹನ್ನೆರಡನೆಯ ವಯಸ್ಸಿನಲ್ಲಿ ವಿದ್ಯಾರ್ಥಿವೇತನ ಪಡೆದು ಹುಡುಗ ಡೆರಿ ನಗರದ ಸೇಂಟ್ ಕೊಲಂಬ್ಸ್ ಕಾಲೇಜಿಗೆ ಹೋದ. ಹೆಸರು ಕಾಲೇಜು, ವಾಸ್ತವವಾಗಿ ವಸತಿ ಶಾಲೆ. 1998ರಲ್ಲಿ ಶಾಂತಿಗಾಗಿ ನೊಬೆಲ್ ಪಡೆದ ಜಾನ್ ಹ್ಯೂಮ್ ಕೂಡ ಇದೇ ಶಾಲೆಯಲ್ಲಿ ಓದಿದವರು.

ಮನೆಯಿಂದ ಶಾಲೆಗೆ ಸುಮಾರು 65 ಕಿಲೋಮೀಟರ್. ದೂರ ಅಷ್ಟೇ ಆಗಿದ್ದರೆ ಚಿಂತೆ ಇರಲಿಲ್ಲ. ಲ್ಯಾಟಿನ್, ಶುದ್ಧ ಇಂಗ್ಲಿಷ್ ವ್ಯಾಕರಣ, ದೊಡ್ಡ ದೊಡ್ಡ ಪುಸ್ತಕಗಳು ಹುಡುಗನನ್ನು ಇನ್ನೊಂದು ಬಗೆಯಲ್ಲಿ ಮನೆಯಿಂದ ದೂರ ಮಾಡುತ್ತಿದ್ದವು. ದಾರಿಯಲ್ಲಿ ಸಿಕ್ಕ ಹಿರಿಯರು ಶಾಲೆಗೆ ಹೋಗುವ ಹುಡುಗನಿಗೆ ಹೇಳುತ್ತಿದ್ದ ಮಾತೊಂದಿತ್ತು: ಸನಿಕೆಗಿಂತ ಲೇಖನಿ ಹಗುರ. ಓದು ಬಿಡಬೇಡ ಎಂದು ಅದರ ಅರ್ಥ. ಆದರೆ ಲೇಖನಿ ಹಿಡಿದವನು ಸನಿಕೆ ಹಿಡಿದ ಅಪ್ಪನೊಡನೆ ಮುಂದೆ ಏನು ಮಾತನಾಡಬೇಕು ಎಂಬುದನ್ನು ಯಾರೂ ಹೇಳಿಕೊಡಲಿಲ್ಲ.

1953ರಲ್ಲಿ, ಹದಿಮೂರರ ಹುಡುಗ ವಸತಿ ಶಾಲೆಯಲ್ಲಿದ್ದಾಗಲೇ ಮನೆಯಿಂದ ಕರೆ ಬಂತು. ನಾಲ್ಕು ವರ್ಷದ ತಮ್ಮ ಕ್ರಿಸ್ಟೊಫರ್ ರಸ್ತೆ ಅಪಘಾತದಲ್ಲಿ ತೀರಿಕೊಂಡಿದ್ದ. ಈ ಸಾವಿನ ಬಗ್ಗೆ ಹೀನಿ ಮುಂದೆ ಬರೆದ ಪುಟ್ಟ ಕವನವನ್ನು ಐರ್ಲೆಂಡ್, ಇಂಗ್ಲೆಂಡ್‌ಗಳ ಶಾಲಾಮಕ್ಕಳು ಪಠ್ಯದಲ್ಲಿ ಓದುತ್ತ ಬಂದಿದ್ದಾರೆ. ಅದರಲ್ಲಿ ಕವಿ ಅಳುವುದೇ ಇಲ್ಲ. ಅಳುತ್ತಿರುವ ಅಪ್ಪನನ್ನು, ಕೈ ಕುಲುಕುವ ಹಿರಿಯರನ್ನು, ಶವಪೆಟ್ಟಿಗೆಯ ಅಳತೆಯನ್ನು ಕಾಣಿಸುತ್ತಾನೆ, ಅಷ್ಟೇ. ಓದಿದವರಿಗೆ ಸಾಕಾಗುತ್ತದೆ.

1961ರಲ್ಲಿ ಬೆಲ್‌ಫಾಸ್ಟಿನ ಕ್ವೀನ್ಸ್ ವಿಶ್ವವಿದ್ಯಾಲಯದಿಂದ ಇಂಗ್ಲಿಷ್ ಸಾಹಿತ್ಯದಲ್ಲಿ ಪ್ರಥಮ ದರ್ಜೆ. ವಿದ್ಯಾರ್ಥಿಯಾಗಿದ್ದಾಗ ಕಾಲೇಜು ಪತ್ರಿಕೆಯಲ್ಲಿ ಕವನ ಪ್ರಕಟಿಸುತ್ತಿದ್ದದ್ದು 'ಇನ್‌ಸರ್ಟಸ್' ಎಂಬ ಲ್ಯಾಟಿನ್ ಗುಪ್ತನಾಮದಲ್ಲಿ. 'ಖಚಿತವಿಲ್ಲದವನು' ಎಂದು ಅರ್ಥ. ಬಳಿಕ ಶಿಕ್ಷಕ ತರಬೇತಿ, ಬೆಲ್‌ಫಾಸ್ಟಿನ ಶಾಲೆಯೊಂದರಲ್ಲಿ ಉಪಾಧ್ಯಾಯ ವೃತ್ತಿ. ಅಲ್ಲಿನ ಮುಖ್ಯೋಪಾಧ್ಯಾಯ ಮೈಕೆಲ್ ಮೆಕ್‌ಲಾವರ್ಟಿ ಒಳ್ಳೆಯ ಕಥೆಗಾರ. ಆದರೆ ವಿಶ್ವವಿದ್ಯಾಲಯದಲ್ಲಿ ಓದಿದ್ದು ಭೌತಶಾಸ್ತ್ರ! ವಿಜ್ಞಾನದವರಿಗೆ ಸಾಹಿತ್ಯವೇಕೆ ಎನ್ನುವವರು ಈತನನ್ನು ನೆನೆಯಬಹುದು. ಪ್ಯಾಟ್ರಿಕ್ ಕವಾನಾ ಎಂಬ ಕವಿಯ ಪುಸ್ತಕವನ್ನು ಈ ಮುಖ್ಯೋಪಾಧ್ಯಾಯರು ತರುಣ ಹೀನಿಯ ಕೈಗಿತ್ತರು. ಕವಾನಾ ಸಹ ಸಣ್ಣ ರೈತನ ಮನೆಯಿಂದ ಬಂದವನು. ಆಲೂಗಡ್ಡೆ ಹೊಲ, ಕೆಸರು, ಗೊಬ್ಬರಗಳನ್ನೇ ಕವಿತೆಯಾಗಿಸಿದವನು. ಯಾವುದನ್ನು ಬಿಟ್ಟು ಓಡಿಬಂದರೆ ಕವಿಯಾಗಬಹುದು ಎಂದುಕೊಂಡಿದ್ದರೋ ಅದೇ ಬಂಡವಾಳ ಎಂದು ಹೀನಿಗೆ ಆಗ ತಿಳಿಯಿತು.

1965ರಲ್ಲಿ ಶಿಕ್ಷಕಿ ಮರೀ ಡೆವ್ಲಿನ್ ಜೊತೆ ವಿವಾಹ. ಮರುವರ್ಷ ಮೊದಲ ಸಂಕಲನ 'ಡೆತ್ ಆಫ್ ಎ ನ್ಯಾಚುರಲಿಸ್ಟ್'. ಅದರ ಮೊದಲ ಕವನದಲ್ಲೇ ಅಪ್ಪ ಆಲೂಗಡ್ಡೆ ಅಗೆಯುತ್ತಾನೆ, ಅಜ್ಜ ಪೀಟ್ ಕಡಿಯುತ್ತಾನೆ, ಮಗ ಲೇಖನಿ ಹಿಡಿದು ಕಿಟಕಿಯಲ್ಲಿ ಕುಳಿತಿದ್ದಾನೆ. ತಾನು ಅವರಂತಲ್ಲ ಎಂಬ ಅಳುಕೂ ಅವರ ಕೆಲಸವನ್ನೇ ಬೇರೆ ಆಯುಧದಿಂದ ಮಾಡುತ್ತೇನೆಂಬ ಹಟವೂ ಒಟ್ಟಿಗೇ ಇರುವ ಕವನ ಅದು.

ಪೀಟ್ ಬಗ್ಗೆ ಎರಡು ಮಾತು ಹೇಳಲೇಬೇಕು. ಜೌಗಿನಲ್ಲಿ ಸಾವಿರಾರು ವರ್ಷ ಸತ್ತು ಬಿದ್ದ ಪಾಚಿ, ಹುಲ್ಲುಗಳು ಪೂರ್ತಿ ಕೊಳೆಯದೆ ಒತ್ತೊತ್ತಾಗಿ ಸೇರಿ ಆದ ಕಪ್ಪು ಮಣ್ಣು ಅದು. ಕಡಿದು, ಒಣಗಿಸಿ ಒಲೆಗೆ ಹಾಕುತ್ತಾರೆ. ಆ ಜೌಗಿನಲ್ಲಿ ಆಮ್ಲಜನಕ ಅತ್ಯಲ್ಪ, ನೀರು ಆಮ್ಲೀಯ, ಜೊತೆಗೆ ಶೀತ. ಬ್ಯಾಕ್ಟೀರಿಯಾಗಳು ಕೆಲಸ ಮಾಡಲಾರವು. ಸ್ಫ್ಯಾಗ್ನಮ್ ಪಾಚಿಯಿಂದ ಬರುವ ರಾಸಾಯನಿಕಗಳು ಚರ್ಮವನ್ನು ಹದಗೊಳಿಸಿದಂತೆ ಮಾಡುತ್ತವೆ. ಮೂಳೆಯ ಸುಣ್ಣ ಕರಗಿಹೋದರೂ ಮುಖದ ಸುಕ್ಕು, ರೆಪ್ಪೆ ಉಳಿಯುತ್ತವೆ. 1950ರಲ್ಲಿ ಡೆನ್ಮಾರ್ಕಿನಲ್ಲಿ ಪೀಟ್ ಕಡಿಯುವವರಿಗೆ ಇಂಥ ಒಂದು ಶವ ಸಿಕ್ಕಿತು. ಇತ್ತೀಚಿನ ಕೊಲೆಯೆಂದು ತಿಳಿದು ಪೊಲೀಸರಿಗೆ ದೂರಿತ್ತರು! ಅದು ಸುಮಾರು 2,400 ವರ್ಷ ಹಳೆಯದು. ಕೊರಳಲ್ಲಿ ನೇಣಿನ ಹಗ್ಗ ಹಾಗೇ ಇತ್ತು. ಟೊಲ್ಲುಂಡ್ ಮನುಷ್ಯ ಎಂದು ಅದಕ್ಕೆ ಹೆಸರಾಯಿತು.

ಇಂಥ ಶವಗಳ ಬಗ್ಗೆ ಪಿ.ವಿ. ಗ್ಲಾಬ್ ಎಂಬ ಪುರಾತತ್ತ್ವಜ್ಞ ಬರೆದ ಪುಸ್ತಕ ಹೀನಿಯ ಕೈಸೇರಿದ ಹೊತ್ತಿಗೆ ಅವರ ನಾಡಿಗೇ ಬೆಂಕಿ ಬಿದ್ದಿತ್ತು. 1960ರ ದಶಕದ ಕೊನೆಗೆ ಆರಂಭವಾಗಿ 1998ರ ಒಪ್ಪಂದದವರೆಗೆ ನಡೆದ ಗಲಭೆಯಲ್ಲಿ 3,500ಕ್ಕೂ ಹೆಚ್ಚು ಜನ ಸತ್ತರು. ನಮ್ಮ ಪಕ್ಷದ ಪರ ಬರೆ ಎಂದು ಒತ್ತಾಯಿಸುವವರಿಗೆ ಬರವಿರಲಿಲ್ಲ. ಹೀನಿ ಘೋಷಣೆ ಬರೆಯಲಿಲ್ಲ. ಎರಡು ಸಾವಿರ ವರ್ಷ ಹಿಂದಿನ ಕೊಲೆಯ ಮುಖವನ್ನು ಇಂದಿನ ಕೊಲೆಯ ಪಕ್ಕದಲ್ಲಿಟ್ಟು 'ನಾರ್ತ್' (1975) ಸಂಕಲನದ ಕವನಗಳನ್ನು ಬರೆದರು. ಅವರು ಹಿಂಸೆಗೆ ಪುರಾಣದ ಬಣ್ಣ ಹಚ್ಚಿದರೆಂದು ಟೀಕಿಸಿದವರೂ ಉಂಟು. ಆ ಆಕ್ಷೇಪವನ್ನು ಸುಲಭವಾಗಿ ತಳ್ಳಿಹಾಕಲಾಗದು. ಹೀನಿ ಸಹ ಹಾಗೆ ತಳ್ಳಿಹಾಕಿದವರಲ್ಲ.

ನೊಬೆಲ್ ಉಪನ್ಯಾಸದಲ್ಲಿ ಅವರು ಹೇಳಿದ ಒಂದು ಘಟನೆಯಿದೆ. 1976ರ ಜನವರಿಯ ಒಂದು ಸಂಜೆ ಕೆಲಸ ಮುಗಿಸಿ ಮನೆಗೆ ಹೊರಟ ಕಾರ್ಮಿಕರ ಮಿನಿಬಸ್ಸನ್ನು ಮುಸುಕುಧಾರಿಗಳು ನಿಲ್ಲಿಸಿದರು. ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಕ್ಯಾಥೊಲಿಕರು ಇದ್ದರೆ ಮುಂದೆ ಬನ್ನಿ ಎಂದರು. ಇದ್ದವನು ಒಬ್ಬನೇ. ಬಂದವರು ಕ್ಯಾಥೊಲಿಕರನ್ನು ಕೊಲ್ಲಲು ಬಂದವರೆಂದೇ ಎಲ್ಲರ ಊಹೆ. ಅವನು ಕದಲುವಷ್ಟರಲ್ಲಿ ಪಕ್ಕದ ಪ್ರಾಟೆಸ್ಟೆಂಟ್ ಗೆಳೆಯ ಕತ್ತಲಲ್ಲಿ ಅವನ ಕೈ ಒತ್ತಿ ಹಿಡಿದ: ಹೋಗಬೇಡ, ನಿನ್ನನ್ನು ನಾವು ಬಿಟ್ಟುಕೊಡುವುದಿಲ್ಲ. ಆದರೂ ಅವನು ಮುಂದೆ ಬಂದ. ಬಂದೂಕಿನವರು ಅವನನ್ನು ಪಕ್ಕಕ್ಕೆ ತಳ್ಳಿ, ಉಳಿದವರ ಮೇಲೆ ಗುಂಡು ಹಾರಿಸಿದರು. ಹತ್ತು ಜನ ಸತ್ತರು. ನಾಡಿನ ನಾಳೆ ಹುಟ್ಟಬೇಕಾದದ್ದು ಆ ಕೈಯೊತ್ತುವಿಕೆಯಿಂದಲೇ ಎಂಬುದು ಹೀನಿಯ ನಂಬಿಕೆಯಾಗಿತ್ತು.

ಇದಕ್ಕೂ ಮುಂಚೆ, 1972ರಲ್ಲಿ, ವಿಶ್ವವಿದ್ಯಾಲಯದ ಉದ್ಯೋಗ ಬಿಟ್ಟು, ಹೆಂಡತಿ ಮತ್ತು ಇಬ್ಬರು ಚಿಕ್ಕ ಮಕ್ಕಳೊಡನೆ ಅವರು ದಕ್ಷಿಣದ ವಿಕ್ಲೊ ಜಿಲ್ಲೆಯ ಬಾಡಿಗೆ ಮನೆಗೆ ಹೋಗಿದ್ದರು, ಬರೆಯುವುದಕ್ಕಾಗಿ. ತಂದೆತಾಯಂದಿರು ಗಾಬರಿಯಾಗಬೇಕಿಲ್ಲ, ಮೂರು ವರ್ಷದಲ್ಲಿ ಡಬ್ಲಿನ್ನಿನ ಶಿಕ್ಷಕರ ಕಾಲೇಜೊಂದರಲ್ಲಿ ಮತ್ತೆ ಪಾಠ ಹೇಳತೊಡಗಿದರು. ಮುಂದೆ ಹಾರ್ವರ್ಡ್, ಆಕ್ಸ್‌ಫರ್ಡ್‌ಗಳಲ್ಲೂ ಪ್ರಾಧ್ಯಾಪಕರಾದರು.

ಇಷ್ಟು ಎತ್ತರಕ್ಕೆ ಹೋದ ಮಗ ಊರಿಗೆ ಬಂದಾಗ ಅಮ್ಮ ಹೇಗೆ ಮಾತನಾಡುತ್ತಿದ್ದಳು? 1984ರಲ್ಲಿ ಆಕೆ ತೀರಿಕೊಂಡ ಮೇಲೆ ಬರೆದ ಕವನಮಾಲೆಯಲ್ಲಿ ಹೀನಿ ಇದನ್ನು ಹೇಳಿದ್ದಾರೆ. ದೊಡ್ಡ ಲೇಖಕರ ಹೆಸರು ಬಂದರೆ ಆಕೆ ಎಡವಿ ಉಚ್ಚರಿಸುತ್ತಿದ್ದಳು. ಬಾರದೆ ಅಲ್ಲ, ಸರಿಯಾಗಿ ಹೇಳಿದರೆ ತನ್ನವರ ಮಟ್ಟ ಮೀರಿ ಬಿಂಕ ತೋರಿಸಿದಂತೆ ಆದೀತೆಂಬ ಸಂಕೋಚ. ಮಗನೂ ಅಷ್ಟೇ. ಅಮ್ಮನೆದುರು ನಾಲಗೆ ಬಿಗಿಹಿಡಿದು, ಶಾಲೆ ತಿದ್ದಿದ್ದ ತಪ್ಪು ವ್ಯಾಕರಣಕ್ಕೇ ಬೇಕೆಂದು ಮರಳುತ್ತಿದ್ದ. ಒಬ್ಬರ ಮನಸ್ಸು ಇನ್ನೊಬ್ಬರು ನೋಯಿಸಬಾರದೆಂದು ಇಬ್ಬರೂ ಆಡುತ್ತಿದ್ದ ನಾಟಕ. ಅದೇ ಮಾಲೆಯ ಇನ್ನೊಂದು ಕವನದಲ್ಲಿ, ಮನೆಯವರೆಲ್ಲ ಚರ್ಚಿಗೆ ಹೋದಾಗ ತಾಯಿ ಮಗ ಇಬ್ಬರೇ ಕುಳಿತು ಆಲೂಗಡ್ಡೆ ಸುಲಿಯುತ್ತಾರೆ. ಮಾತೇ ಇಲ್ಲ. ಬದುಕಿನಲ್ಲಿ ಅಷ್ಟು ಹತ್ತಿರ ಇನ್ನೆಂದೂ ಆಗಲಿಲ್ಲವೆಂದು ಕವಿಗೆ ಅನ್ನಿಸುತ್ತದೆ.

ಮಗ ಮನೆಯಲ್ಲಿ ಮಾತ್ರ ಆಡುತ್ತಿದ್ದ ಆ ಮಾತು ಅನುವಾದದಲ್ಲಿ ಕೈ ಹಿಡಿಯಿತು. ಹುಚ್ಚು ಹಿಡಿದು ಹಕ್ಕಿಯಂತೆ ಅಲೆದ ಸ್ವೀನಿ ರಾಜನ ಕಥೆಯನ್ನು ಐರಿಷ್ ಭಾಷೆಯಿಂದ ತಂದರು (1983). ಕಾಲಿನ ಹುಣ್ಣನ್ನೂ ಮನಸ್ಸಿನ ಹಗೆಯನ್ನೂ ಹೊತ್ತು ದ್ವೀಪದಲ್ಲಿ ಬಿದ್ದಿದ್ದ ಬಿಲ್ಲುಗಾರ ಫಿಲೊಕ್ಟೆಟಿಸನ ಗ್ರೀಕ್ ನಾಟಕವನ್ನು 'ದ ಕ್ಯೂರ್ ಅಟ್ ಟ್ರಾಯ್' ಎಂದು ರೂಪಾಂತರಿಸಿದರು. ಗ್ರೀಕ್ ಬಾರದ ಕಾರಣ ಇಂಗ್ಲಿಷ್ ಅನುವಾದಗಳ ಆಧಾರದಿಂದ ಮಾಡಿದ ಕೆಲಸ ಅದು. 1990ರಲ್ಲಿ ಡೆರಿ ನಗರದಲ್ಲೇ ಮೊದಲ ಪ್ರದರ್ಶನ. ತಮ್ಮ ಗಾಯವನ್ನು ತಾವೇ ಕೆರೆದುಕೊಳ್ಳುವವರ ಕಥೆ ಅಲ್ಲಿನ ಪ್ರೇಕ್ಷಕರಿಗೆ ವಿವರಿಸಬೇಕಾಗಿರಲಿಲ್ಲ.

ದೊಡ್ಡ ಸಾಹಸವೆಂದರೆ 'ಬೇವುಲ್ಫ್'. ಸಾವಿರ ವರ್ಷಕ್ಕೂ ಹಿಂದಿನ ಇಂಗ್ಲಿಷಿನ, 3,182 ಸಾಲುಗಳ ವೀರಕಾವ್ಯ. ಇಂದಿನ ಇಂಗ್ಲಿಷ್ ಬಲ್ಲವರಿಗೆ ಅದು ಅನ್ಯಭಾಷೆಯೇ ಸರಿ. 1980ರ ದಶಕದ ನಡುವೆ ಒಪ್ಪಿಕೊಂಡ ಕೆಲಸ ಕೆಲವೇ ಸಾಲುಗಳಿಗೆ ನಿಂತುಹೋಯಿತು. ಈ ಪ್ರಾಚೀನ ಇಂಗ್ಲಿಷ್ ತನ್ನದಲ್ಲ, ಆಳಿದವರದ್ದು ಎಂಬ ತೊಡಕು ಬೇರೆ. ಆದರೆ ಆ ಭಾಷೆಯಲ್ಲಿ ಸಹಿಸು ಎಂಬರ್ಥದ 'ಥೋಲಿಯನ್' ಎಂಬ ಪದ ಅವರ ಕಣ್ಣಿಗೆ ಬಿದ್ದಿತ್ತು. ಅದೇನೂ ಹೊಸದಲ್ಲ! ಸಾವಿನ ಮನೆಯವರ ಬಗ್ಗೆ ಊರಿನ ಚಿಕ್ಕಮ್ಮ ಹೇಳುತ್ತಿದ್ದ 'ಥೋಲ್' ಅದೇ. ಕನ್ನಡದಲ್ಲಿ 'ತಾಳಿಕೊಳ್ಳಬೇಕು' ಎನ್ನುವಂತೆ. ಲಂಡನ್ನಿನ ಶಿಷ್ಟರು ಮರೆತ ಮಾತನ್ನು ಹಳ್ಳಿಯ ಹೆಂಗಸು ಉಳಿಸಿಕೊಂಡಿದ್ದಳು. ಕಾವ್ಯ ಹೇಗೆ ಆರಂಭವಾಗಬೇಕೆಂಬ ಸಮಸ್ಯೆಯೂ ಹೀಗೇ ಬಗೆಹರಿಯಿತು. ಮೊದಲ ಪದಕ್ಕೆ ವಿದ್ವಾಂಸರು 'ಕೇಳಿರಿ', 'ಆಹಾ' ಎಂಬಂಥ ಗಂಭೀರ ಶಬ್ದಗಳನ್ನು ಹಾಕುತ್ತಿದ್ದರು. ಹೀನಿಗೆ ನೆನಪಾದದ್ದು ತಂದೆಯ ಕಡೆಯ ಬಂಧುಗಳು. ಆ ದೊಡ್ಡ ದನಿಯ ರೈತರು ಏನನ್ನಾದರೂ ಹೇಳುವ ಮುನ್ನ 'ಸೋ' ಎಂದು ನಿಲ್ಲಿಸುತ್ತಿದ್ದರು. 'ಸರಿ, ಇನ್ನು ಕೇಳಿ' ಎಂಬ ಧಾಟಿ. ಅದನ್ನೇ ಇಟ್ಟರು. 1999ರಲ್ಲಿ ಹೊರಬಂದ ಈ ಅನುವಾದ ಆ ವರ್ಷದ ವಿಟ್‌ಬ್ರೆಡ್ ಪ್ರಶಸ್ತಿಗಾಗಿ ಹ್ಯಾರಿ ಪಾಟರ್ ಪುಸ್ತಕದ ಜೊತೆ ಸೆಣಸಿ ಕೂದಲೆಳೆಯಲ್ಲಿ ಗೆದ್ದಿತು.

ಕೊನೆಯ ಅನುವಾದಕ್ಕೆ ಸೇಂಟ್ ಕೊಲಂಬ್ಸ್ ಶಾಲೆಯ ಒಂದು ನಿಟ್ಟುಸಿರು ಕಾರಣ. ಪಠ್ಯವಾಗಿದ್ದದ್ದು ವರ್ಜಿಲ್ ಕವಿಯ 'ಈನಿಯಡ್' ಕಾವ್ಯದ ಒಂಬತ್ತನೆಯ ಸರ್ಗ. ಲ್ಯಾಟಿನ್ ಮೇಷ್ಟರು ಫಾದರ್ ಮೆಕ್‌ಗ್ಲಿಂಚಿ ಪಾಠದ ನಡುವೆ ಆಗಾಗ ಹಲುಬುತ್ತಿದ್ದರಂತೆ: ಇದರ ಬದಲು ಆರನೆಯ ಸರ್ಗ ಇಟ್ಟಿದ್ದರೆ! ಆರನೆಯದರಲ್ಲಿ ಮಗ ತೀರಿಹೋದ ತಂದೆಯನ್ನು ಹುಡುಕಿಕೊಂಡು ಪಾತಾಳಕ್ಕಿಳಿಯುತ್ತಾನೆ. ಮೂರು ಸಲ ಅಪ್ಪಿಕೊಳ್ಳಲು ಹೋದರೂ ನೆರಳು ಕೈಗೆ ಸಿಗುವುದಿಲ್ಲ. ಹೀನಿಯ ತಂದೆ 1986ರಲ್ಲಿ ತೀರಿಕೊಂಡಿದ್ದರು. ವರ್ಷಗಟ್ಟಲೆ ಆ ಸರ್ಗವನ್ನು ತಿದ್ದಿ, 2013ರ ಜುಲೈನಲ್ಲಿ ಮುಗಿಸಿದರು. ಮೇಷ್ಟರ ನೆನಪಿಗೆ ಒಪ್ಪಿಸಿದ ಹೋಂವರ್ಕ್ ಎಂಬಂತೆ ಅದನ್ನು ಕರೆದುಕೊಂಡರು. ಪುಸ್ತಕವಾದದ್ದು 2016ರಲ್ಲಿ, ನೋಡಲು ಅವರಿರಲಿಲ್ಲ.

2013ರ ಆಗಸ್ಟ್ 30ರಂದು ಡಬ್ಲಿನ್ ಆಸ್ಪತ್ರೆಯಲ್ಲಿ ಸಾಯುವ ಕೆಲ ನಿಮಿಷ ಮೊದಲು ಹೆಂಡತಿಗೆ ಮೊಬೈಲಿನಲ್ಲಿ ಎರಡು ಲ್ಯಾಟಿನ್ ಪದ ಕಳಿಸಿದರು: 'ನೋಲಿ ತಿಮೇರೆ', ಹೆದರಬೇಡ. ಎರಡು ದಿನದ ನಂತರ ಡಬ್ಲಿನ್ನಿನ ಕ್ರೋಕ್ ಪಾರ್ಕ್ ಕ್ರೀಡಾಂಗಣದಲ್ಲಿ ಫುಟ್‌ಬಾಲ್ ಸೆಮಿಫೈನಲ್ ನೋಡಲು ಬಂದಿದ್ದ ಸುಮಾರು 80,000 ಜನ ಕವಿಗಾಗಿ ಚಪ್ಪಾಳೆ ತಟ್ಟಿದರು. ಮರುದಿನ ಶವವನ್ನು ಉತ್ತರಕ್ಕೆ, ಬೆಲ್ಲಾಹಿ ಎಂಬ ಹಳ್ಳಿಗೆ ಒಯ್ದರು. ಅಲ್ಲಿನ ಚರ್ಚಿನ ಅಂಗಳದಲ್ಲಿ ಅಪ್ಪ, ಅಮ್ಮ, ನಾಲ್ಕು ವರ್ಷದ ತಮ್ಮ ಕ್ರಿಸ್ಟೊಫರ್ ಇರುವಲ್ಲೇ ಹಿರಿಯ ಮಗನಿಗೂ ಮಣ್ಣು ಅಗೆದರು.